ಬೆಟ್ಟಾ ಮೀನು ತಳ ಹಿಡಿದಾಗ: ಮೊದಲು ನೀರು, ಆಮೇಲೆ ಉಪ್ಪು, ಕೊನೆಗೆ ಔಷಧ

"ಸರ, ಮೀನ ನಿನ್ನೆಯಿಂದ ತಳಕ್ಕ ಕುಂತೈತ್ರಿ. ನೀರ ಪೂರಾ ಬದ್ಲಿ ಮಾಡಿ ನೀಲಿ ಔಷಧ ಹಾಕೀನ್ರಿ. ಇನ್ನೇನ್ ಹಾಕ್ಲಿ?"

ವಿಜಯಪುರದಲ್ಲಿ ಬೆಟ್ಟಾ, ಅಂದರೆ ಫೈಟರ್ ಮೀನು ಸಾಕುವ ನನ್ನ ಫೋನಿಗೆ ಇಂಥ ಸಂದೇಶ ಬರುತ್ತಲೇ ಇರುತ್ತದೆ. ಜೊತೆಗೊಂದು ಫೋಟೊ: ಗಾಜಿನ ಬೋಗುಣಿ, ಶಾಯಿ ಕಲಸಿದಂಥ ನೀರು, ಅದರೊಳಗೆ ಎಲ್ಲೋ ಒಂದು ಮೀನು. ಆ ನೀಲಿಯಲ್ಲಿ ಮೀನಿನ ಮೈಮೇಲೆ ಚುಕ್ಕೆ ಇದೆಯೋ ಗಾಯ ಇದೆಯೋ ಕಳಿಸಿದವರಿಗೂ ಕಾಣುವುದಿಲ್ಲ, ನನಗೂ ಕಾಣುವುದಿಲ್ಲ.

ಮೀನು ಕಳೆದುಕೊಂಡವರನ್ನು ವಿಚಾರಿಸಿದರೆ ಬಹುತೇಕ ಎಲ್ಲರೂ ಇದೇ ನಾಲ್ಕು ಕೆಲಸ ಮಾಡಿರುತ್ತಾರೆ. ಒಂದೇ ಏಟಿಗೆ ನೀರೆಲ್ಲ ಚೆಲ್ಲಿ ಹೊಸದು ತುಂಬಿರುತ್ತಾರೆ. ಫಿಲ್ಟರನ್ನು ನಳದ ಕೆಳಗೆ ಹಿಡಿದು ತಿಕ್ಕಿ ತೊಳೆದಿರುತ್ತಾರೆ. ಯಾವ ರೋಗವೆಂದು ಗೊತ್ತಾಗುವ ಮೊದಲೇ ಔಷಧ ಸುರಿದಿರುತ್ತಾರೆ. ಪಾಪ, ಶಕ್ತಿ ಬರಲಿ ಅಂತ ಮೀನಿನ ಆಹಾರದ ಎರಡು ಕಾಳು ಹೆಚ್ಚಿಗೆ ತಿನ್ನಿಸಿಯೂ ಇರುತ್ತಾರೆ. ಆದ್ದರಿಂದ ಕೆಳಗಿನ ಹಂತಗಳನ್ನು ಇದ್ದ ಸರದಿಯಲ್ಲೇ ಮಾಡಿ. ಬರೀ ಮೂರನೇ ಹಂತಕ್ಕೇ ಚೇತರಿಸಿಕೊಂಡ ಬೆಟ್ಟಾಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಮೊದಲು ಕೈಗೆ ಇಟ್ಟುಕೊಳ್ಳಬೇಕಾದ ಸಾಮಾನು

ಮೀನು ಮಲಗಿದ ಮೇಲೆ ಅಂಗಡಿ ಹುಡುಕುವುದು ತಡವಾಯಿತು. ಇವು ಮನೆಯಲ್ಲಿ ಇರಲಿ: 5ರಿಂದ 8 ಲೀಟರ್ ಹಿಡಿಯುವ, ಪಾರದರ್ಶಕವಾದ, ಮುಚ್ಚಳವಿರುವ ಹೊಸ ಪ್ಲಾಸ್ಟಿಕ್ ಡಬ್ಬಿ (ಭಾಂಡೆ ಅಂಗಡಿಯಲ್ಲಿ ಸಿಗುವಂಥದ್ದೇ ಸಾಕು, ಆದರೆ ಸೋಪು ಮುಟ್ಟಿಸಿರಬಾರದು), ನೀರಿನ ಥರ್ಮಾಮೀಟರ್, 25 ವಾಟಿನ ಹೀಟರ್, ಗಾಳಿ ಪಂಪು, ಸಣ್ಣ ಪೈಪು, ಕ್ಲೋರಿನ್ ತೆಗೆಯುವ ದ್ರಾವಣ, ನೀರಿನ ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ (ಹುಳಿ-ಕ್ಷಾರದ ಅಳತೆ) ನಾಲ್ಕನ್ನೂ ನೋಡುವ ಟೆಸ್ಟ್ ಕಿಟ್, ಅಳತೆಯ ಚಮಚ, ಅಯೋಡಿನ್ ಇಲ್ಲದ ಹರಳುಪ್ಪು, ಎಪ್ಸಮ್ ಸಾಲ್ಟ್, ಅಂದರೆ ಮೆಗ್ನೀಸಿಯಂ ಸಲ್ಫೇಟ್, ಒಂದು ಸಣ್ಣ ಬಾಟಲಿ ಮೆಥಿಲೀನ್ ಬ್ಲೂ ಎಂಬ ಆ ನೀಲಿ ಔಷಧ.

ಎಪ್ಸಮ್ ಸಾಲ್ಟನ್ನು ಔಷಧದ ಅಂಗಡಿಯಲ್ಲಿ ಕೊಳ್ಳಿ. ನಮ್ಮ ಕಡೆ ದ್ರಾಕ್ಷಿ ಬೆಳೆಯುವವರ ಮನೆಯಲ್ಲಿ ಮೆಗ್ನೀಸಿಯಂ ಸಲ್ಫೇಟಿನ ಚೀಲವೇ ಇರುತ್ತದೆ ನಿಜ, ಆದರೆ ಗೊಬ್ಬರದ ದರ್ಜೆಯದರಲ್ಲಿ ಬೇರೆ ಏನೇನು ಬೆರೆತಿರುತ್ತದೋ ಹೇಳಲಾಗದು. ಅದನ್ನು ಬಳ್ಳಿಗೇ ಬಿಡಿ.

ಟೆಸ್ಟ್ ಕಿಟ್ ದುಬಾರಿ ಅನ್ನುವವರು ನಾಲ್ಕು ಗೆಳೆಯರು ಸೇರಿ ಒಂದು ಕೊಳ್ಳಿ. ಇದೊಂದಿಲ್ಲದೆ ಮಾಡುವ ಚಿಕಿತ್ಸೆಯೆಲ್ಲ ಕತ್ತಲಲ್ಲಿ ತಡಕಾಡಿದಂತೆ.

ಹಂತ 1: ಹತ್ತು ನಿಮಿಷ ಕೈ ಕಟ್ಟಿ ನೋಡಿ

ಬಲೆ ಹಾಕಬೇಡಿ, ಗಾಜು ತಟ್ಟಬೇಡಿ. ಮುಂದೆ ಕೂತು ನೋಡಿ, ಕಂಡದ್ದನ್ನು ಬರೆದುಕೊಳ್ಳಿ. ಮೇಲಿನಿಂದ ಒಂದು ಫೋಟೊ, ಪಕ್ಕದಿಂದ ಒಂದು ಫೋಟೊ ತೆಗೆಯಿರಿ. ಹೊಟ್ಟೆ ಊದಿದೆಯೋ, ಹುರುಪೆ ಎದ್ದು ನಿಂತಿದೆಯೋ ಎಂಬುದು ಮೇಲಿನಿಂದಷ್ಟೇ ಸರಿಯಾಗಿ ಕಾಣುತ್ತದೆ.

ಕಿವಿರು ಬೇಗ ಬೇಗ ಆಡುತ್ತಿದೆಯೇ? ರೆಕ್ಕೆ ಮಡಚಿ ಮೈಗೆ ಅಂಟಿಸಿಕೊಂಡಿದೆಯೇ? ಗಿಡಕ್ಕೆ, ಕಲ್ಲಿಗೆ ಮೈ ಉಜ್ಜುತ್ತಿದೆಯೇ? ಬಣ್ಣ ಮಾಸಿದೆಯೇ? ಮೇಲೆ ಬಂದು ಗಾಳಿ ಎಳೆದುಕೊಳ್ಳುವುದು ರೋಗವಲ್ಲ. ಬೆಟ್ಟಾಕ್ಕೆ ತಲೆಯಲ್ಲಿ ಗಾಳಿ ಉಸಿರಾಡುವ ಪ್ರತ್ಯೇಕ ಅಂಗವೇ ಇದೆ. ಆದರೆ ಮೇಲೇ ನೇತಾಡುತ್ತ ಎಡೆಬಿಡದೆ ಬಾಯಿ ಬಿಡುತ್ತಿದ್ದರೆ ನೀರು ಕೆಟ್ಟಿದೆ ಎಂದು ತಿಳಿಯಿರಿ.

ಎಲೆಯ ಮೇಲೆ ಮಲಗುವುದು, ರಾತ್ರಿ ತಳದಲ್ಲಿ ಕೂರುವುದು, ವಯಸ್ಸಾದಂತೆ ಬಣ್ಣ ಬದಲಾಗುವುದು ಇವೆಲ್ಲ ಅದರ ಸ್ವಭಾವ. ನೀರಿನ ಮೇಲೆ ಗುಳ್ಳೆಗಳ ನೊರೆಗೂಡು ಕಟ್ಟಿದೆ, ಆರೋಗ್ಯವಾಗೇ ಇದೆ ಎಂದು ಕೆಲವರು ನೆಮ್ಮದಿಯಿಂದಿರುತ್ತಾರೆ. ಕಾಯಿಲೆ ಬಿದ್ದ ಗಂಡು ಬೆಟ್ಟಾ ಕೂಡ ಗೂಡು ಕಟ್ಟುತ್ತದೆ.

ಹಂತ 2: ನೀರಿನ ಬಿಸಿ ಅಳೆಯಿರಿ

ಬೆಟ್ಟಾಕ್ಕೆ ಒಗ್ಗುವುದು 25ರಿಂದ 27 ಡಿಗ್ರಿ ಸೆಲ್ಸಿಯಸ್. ನಮ್ಮ ಊರುಗಳಲ್ಲಿ ಈ ಅಂಕಿ ತಾನಾಗಿ ನಿಲ್ಲುವ ದಿನಗಳು ಕಡಿಮೆ. ಡಿಸೆಂಬರ್, ಜನವರಿಯ ರಾತ್ರಿ ವಿಜಯಪುರದಲ್ಲಿ ಚಳಿ ಬಿದ್ದರೆ ಬೋಗುಣಿಯ ನೀರು 20ಕ್ಕಿಂತ ಕೆಳಗೆ ಇಳಿಯುತ್ತದೆ. ಬೆಳಗಾವಿಯಲ್ಲಿ ಮಳೆಗಾಲದಲ್ಲೂ ನೀರು ತಣ್ಣಗಾಗುತ್ತದೆ. ಆಗ ಮೀನು ತಳಕ್ಕೆ ಕೂತು ಊಟ ಬಿಡುತ್ತದೆ. ಅದಕ್ಕೆ ಬೇಕಿರುವುದು ಔಷಧವಲ್ಲ, ಹೀಟರು. ಎರಡು ಗಂಟೆಗೆ ಒಂದು ಡಿಗ್ರಿಯಂತೆ ನಿಧಾನ ಏರಿಸಿ. ಕಾಯಿಸಿದ ನೀರು ಸುರಿಯಬೇಡಿ. ಕರೆಂಟು ಹೋದರೆ ಟ್ಯಾಂಕಿನ ಸುತ್ತ ಕೌದಿ ಸುತ್ತಿ, ಮೇಲೆ ಗಾಳಿಯಾಡಲು ಜಾಗ ಬಿಡಿ. ನೀರು ತೆಗೆಯುವ ಮುನ್ನ ಹೀಟರಿನ ಪ್ಲಗ್ ಕಿತ್ತಿಡಿ. ಕಾದ ಹೀಟರು ಗಾಳಿಗೆ ಬಂದರೆ ಗಾಜು ಒಡೆಯುತ್ತದೆ, ಕರೆಂಟು ಹೊಡೆಯುವ ಅಪಾಯವೂ ಇದೆ.

ಏಪ್ರಿಲ್, ಮೇ ತಿಂಗಳಲ್ಲಿ ತೊಂದರೆ ತಿರುಗಾಮುರುಗಾ. ಹೊರಗೆ 40 ದಾಟಿದಾಗ ಕೋಣೆಯ ನೀರು 33, 34ಕ್ಕೆ ಹೋಗುತ್ತದೆ. ಬಿಸಿ ಹೆಚ್ಚಿದಷ್ಟೂ ನೀರಿನಲ್ಲಿ ಆಮ್ಲಜನಕ ಕಡಿಮೆ. ಟ್ಯಾಂಕನ್ನು ಅಗಲ ಬುಟ್ಟಿಯಲ್ಲಿಟ್ಟು ಸುತ್ತ ಒದ್ದೆ ಬಟ್ಟೆ ಹೊದಿಸಿ ಫ್ಯಾನ್ ಗಾಳಿ ಬಿಡಿ. ಎರಡು ಮೂರು ಡಿಗ್ರಿ ಇಳಿಯುತ್ತದೆ. ಐಸ್ ತುಂಡನ್ನು ನೀರಿಗೆ ಹಾಕಬೇಡಿ.

ಹಂತ 3: ನೀರನ್ನು ಪರೀಕ್ಷಿಸಿ, ಸರಿ ಮಾಡಿ

ಈ ಹಂತಕ್ಕೆ ಒಂದು ಇಡೀ ಸಂಜೆ ಮೀಸಲಿಡಿ.

ಕಿಟ್‌ನಲ್ಲಿ ಅಮೋನಿಯಾ 0, ನೈಟ್ರೈಟ್ 0 ಬರಬೇಕು. ನೈಟ್ರೇಟ್ 20 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಒಳಗಿದ್ದರೆ ಚೆನ್ನ, 40ಕ್ಕೆ ಬಂದರೆ ನೀರು ಬದಲಿಸುವುದು ತಡವಾಗಿದೆ ಎಂದರ್ಥ. ಪಿಎಚ್ 6.5ರಿಂದ 7.5 ಒಳ್ಳೆಯದು, ಸ್ಥಿರವಾಗಿದ್ದರೆ 8ರಲ್ಲೂ ಬೆಟ್ಟಾ ಬಾಳುತ್ತದೆ. ಅದನ್ನು ಕೆಡಿಸುವುದು ಏರಿಳಿತ.

ಮೀನಿನ ಹೇಲು ಮತ್ತು ಉಳಿದ ಕಾಳು ಕೊಳೆತು ಅಮೋನಿಯಾ ಆಗುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಸ್ಪಂಜನ್ನು ಕ್ಲೋರಿನ್ ಇರುವ ನಳದ ನೀರಿಗೆ ಹಿಡಿದಿರೋ, ಆ ಬ್ಯಾಕ್ಟೀರಿಯಾ ಸತ್ತವು. ಎರಡು ದಿನದಲ್ಲಿ ಅಮೋನಿಯಾ ಏರಿತು. ಸ್ಪಂಜನ್ನು ಟ್ಯಾಂಕಿನಿಂದಲೇ ತೆಗೆದ ನೀರಿನಲ್ಲಿ ಮೆತ್ತಗೆ ಹಿಂಡಿದರೆ ಸಾಕು.

ನಮ್ಮ ಬೋರಿನ ನೀರು ಹೆಚ್ಚಾಗಿ ಸವಳು, ಗಡಸು. ಗೀಸರಿನಲ್ಲಿ ಬಿಳಿ ಪದರ ಕಟ್ಟುವುದು ನೋಡಿಯೇ ಇದ್ದೀರಿ. ಇಂಥ ನೀರಿನ ಪಿಎಚ್ 8ರ ಸುತ್ತ ಇರುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದ ವಿಷರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಮೃದು ನೀರಿನಲ್ಲಿ ಮೀನು ಹೇಗೋ ತಡೆದುಕೊಳ್ಳುವ 0.5 ಪಿಪಿಎಂ ಅಮೋನಿಯಾ ನಮ್ಮ ನೀರಿನಲ್ಲಿ ಕಿವಿರನ್ನು ಸುಡುತ್ತದೆ. ತಿಂಗಳುಗಟ್ಟಲೆ ನೀರು ಬದಲಿಸದ ಟ್ಯಾಂಕಿನಲ್ಲಿ ಪಿಎಚ್ ಕೆಳಗಿಳಿದು, ಅಮೋನಿಯಾ ಇದ್ದರೂ ಅಷ್ಟಾಗಿ ಕಾಡದೆ ಕೂತಿರುತ್ತದೆ. ಅಲ್ಲಿಗೆ ಒಮ್ಮೆಲೇ ಗಡಸು ನೀರು ತುಂಬಿದರೆ ಅದೇ ಅಮೋನಿಯಾ ವಿಷವಾಗಿ ತಿರುಗುತ್ತದೆ. "ನೀರ ಬದ್ಲಿ ಮಾಡಿದ್ ಮ್ಯಾಲೇ ಸತ್ತೋತ್ರಿ" ಎಂಬ ಮಾತಿನ ಹಿಂದೆ ಇದೇ ಇರುತ್ತದೆ.

ಹಾಗಾದರೆ ಎಷ್ಟು ಬದಲಿಸಬೇಕು? ವಾರವಾರ ಬದಲಿಸುವ ಟ್ಯಾಂಕಾದರೆ ಇವತ್ತು ಮೂರನೇ ಒಂದು ಪಾಲು, 12 ಗಂಟೆ ಬಿಟ್ಟು ಮತ್ತೆ ಅಷ್ಟೇ. ಅಮೋನಿಯಾ 1 ಪಿಪಿಎಂ ಮುಟ್ಟಿದ್ದರೆ ಅರ್ಧ. ಬಹುದಿನ ಕೈಬಿಟ್ಟ ಟ್ಯಾಂಕಾದರೆ ದಿನಕ್ಕೆ ಹತ್ತನೇ ಒಂದು ಪಾಲಿನಂತೆ ಐದಾರು ದಿನ; ಅಷ್ಟರವರೆಗೆ ಮೀನನ್ನು ಮುಂದಿನ ಹಂತದ ಡಬ್ಬಿಯಲ್ಲಿಡಿ.

ಯಾವ ನೀರು? ಬೆಳಗಾವಿಯವರಿಗೆ ರಾಕಸಕೊಪ್ಪ, ಹಿಡಕಲ್ ಜಲಾಶಯದ ನೀರು ನಳದಲ್ಲಿ ಬರುವುದರಿಂದ ಗಡಸಿನ ಚಿಂತೆ ಕಡಿಮೆ. ವಿಜಯಪುರದವರು ಕೊಲ್ಹಾರದಿಂದ ಬರುವ ಕೃಷ್ಣಾ ನೀರನ್ನು ನಳ ಬಂದ ದಿನ ಎರಡು ಕೊಡ ಬೇರೆಯಾಗಿ ಹಿಡಿದಿಡಿ. ನೆಲದ ತೊಟ್ಟಿಗೆ ಬೋರಿನ ನೀರೂ ಬೀಳುವ ಮನೆಗಳಲ್ಲಿ ಪ್ರತಿ ಸಲ ಬೆರಕೆ ಬೇರೆಯಾಗಿ, ಪಿಎಚ್ ಕುಣಿಯುತ್ತದೆ. ಬೋರೊಂದೇ ಗತಿ ಎನ್ನುವವರು ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರನ್ನು ಅರ್ಧಕ್ಕರ್ಧ ಬೆರೆಸಿ, ಪ್ರತಿ ಸಲವೂ ಅದೇ ಪ್ರಮಾಣ ಕಾಯ್ದುಕೊಳ್ಳಿ. ಬರೀ ಆರ್‌ಒ ನೀರು ಬೇಡ. ಅದರಲ್ಲಿ ಖನಿಜಾಂಶವೇ ಇಲ್ಲದಷ್ಟು ಕಡಿಮೆ, ಪಿಎಚ್ ಹಿಡಿದು ನಿಲ್ಲಿಸುವ ಶಕ್ತಿಯೂ ಇಲ್ಲ.

ನಳದ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣವನ್ನು ಬಾಟಲಿಯ ಮೇಲಿನ ಲೆಕ್ಕದಂತೆ ಹಾಕಿ, ಇಲ್ಲವೇ ಅಗಲ ಬಕೆಟ್ಟಿನಲ್ಲಿ 24 ಗಂಟೆ ತೆರೆದಿಡಿ. ಮಳೆಗಾಲದಲ್ಲಿ ಬ್ಲೀಚಿಂಗ್ ವಾಸನೆ ಮೂಗಿಗೆ ಬಡಿಯುವಷ್ಟಿದ್ದರೆ ಎರಡನ್ನೂ ಮಾಡಿ. ರಾಡಿ ನೀರು ತಿಳಿಯಾಗಲೆಂದು ಪಟಿಕ ಆಡಿಸಿದ ನೀರನ್ನು ಮೀನಿಗೆ ಹಾಕಲೇಬೇಡಿ. ಪಟಿಕ ಪಿಎಚ್ ಕುಸಿಯುವಂತೆ ಮಾಡುತ್ತದೆ, ಅದರ ಅಲ್ಯುಮಿನಿಯಂ ಕಿವಿರಿಗೆ ಕೂರುತ್ತದೆ.

ಹೊಸ ನೀರಿನ ಬಿಸಿ ಹಳೆಯ ನೀರಿಗೆ ಒಂದು ಡಿಗ್ರಿ ಹೆಚ್ಚುಕಮ್ಮಿಯೊಳಗೆ ಇರಲಿ. ನನ್ನ ಮೊದಲ ಬೆಟ್ಟಾ ಹೋದದ್ದೇ ಹೀಗೆ. ಮೇ ತಿಂಗಳು, ಮಧ್ಯಾಹ್ನ ಮೂರು ಗಂಟೆ, ಮಾಳಿಗೆ ಮೇಲಿನ ಸಿಂಟೆಕ್ಸಿನ ನಳ ತಿರುಗಿಸಿ ನೇರ ಟ್ಯಾಂಕಿಗೆ ತುಂಬಿದೆ. ಕೈಗೆ ಬೆಚ್ಚಗೆ ಹತ್ತಿತು, ಮೀನಿಗೂ ಹಿತವಾಗಲಿ ಅಂದುಕೊಂಡೆ. ಮೀನು ಗಾಜಿಗೆ ಡಿಕ್ಕಿ ಹೊಡೆಯುತ್ತ ಒಂದೆರಡು ಸುತ್ತು ಹಾಕಿತು. ಸಂಜೆ ಹೊತ್ತಿಗೆ ತೇಲುತ್ತಿತ್ತು. ಥರ್ಮಾಮೀಟರ್ ಕೊಂಡದ್ದು ಮರುದಿನ.

ನೀರು ಎಳೆಯುವ ಪೈಪಿಗೆ ಬಾಯಿ ಹಚ್ಚಬೇಡಿ. ಕೈಯಲ್ಲಿ ಗಾಯವಿದ್ದರೆ ಟ್ಯಾಂಕಿಗೆ ಕೈ ಹಾಕಬೇಡಿ. ಮೀನಿನ ಕ್ಷಯಕ್ಕೆ ಕಾರಣವಾಗುವ ಒಂದು ಬ್ಯಾಕ್ಟೀರಿಯಾ ಗಾಯದ ಮೂಲಕ ಮನುಷ್ಯರ ಚರ್ಮಕ್ಕೂ ಹತ್ತುತ್ತದೆ, ಬೇಗ ಹೋಗುವುದೂ ಇಲ್ಲ.

ಹಂತ 4: ಆಸ್ಪತ್ರೆ ಡಬ್ಬಿ ಸಿದ್ಧ ಮಾಡಿ

ನೀರು ಸರಿಪಡಿಸಿ ಒಂದು ದಿನ ಕಾದರೂ ಮೀನು ಚೇತರಿಸಿಕೊಳ್ಳದಿದ್ದರೆ, ಅಥವಾ ಮೈಮೇಲೆ ಕಣ್ಣಿಗೆ ಕಾಣುವ ರೋಗವಿದ್ದರೆ ಈ ಹಂತ.

ಡಬ್ಬಿಗೆ ಲೀಟರ್ ಅಳೆದು ನೀರು ಹಾಕಿ, ಹೊರಗೆ ಮಾರ್ಕರಿನಿಂದ ಗೆರೆ ಎಳೆಯಿರಿ. ಔಷಧದ ಲೆಕ್ಕವೆಲ್ಲ ಈ ಗೆರೆಯ ಮೇಲೆ ನಿಂತಿದೆ. ಕಾಯಿಲೆ ಮೀನಿಗೆ ಮೇಲಕ್ಕೆ ಈಜುವುದೇ ಕಷ್ಟ, ಹಾಗಾಗಿ ನೀರಿನ ಆಳ ಒಂದು ಗೇಣು ಮೀರದಿರಲಿ. ಹೀಟರು ಪೂರ್ತಿ ಮುಳುಗುವಂತೆ ಅಡ್ಡ ಇಡಿ, ಪ್ಲಾಸ್ಟಿಕ್ಕಿಗೆ ತಾಗದಿರಲಿ. ಗಾಳಿ ಗುಳ್ಳೆ ಮೆಲ್ಲಗೆ ಬರಲಿ. ಕಲ್ಲು, ಮರಳು ಬೇಡ. ಮುಚ್ಚಳಕ್ಕೆ ಸಾಕಷ್ಟು ತೂತು ಕೊರೆದು ಮುಚ್ಚಿ. ಸಾಯುವ ಹಾಗಿದ್ದ ಬೆಟ್ಟಾ ಕೂಡ ಜಿಗಿಯುತ್ತದೆ.

ಮೀನನ್ನು ಬಲೆಯಲ್ಲಿ ಹಿಡಿದರೆ ರೆಕ್ಕೆ ಹರಿಯುತ್ತದೆ, ಕಪ್ಪಿನಲ್ಲಿ ನೀರಿನ ಸಮೇತ ಎತ್ತಿ. ಆ ಕಪ್ಪನ್ನು ಡಬ್ಬಿಯಲ್ಲಿ 15 ನಿಮಿಷ ತೇಲಿಸಿ, ಆಮೇಲೆ ಐದೈದು ನಿಮಿಷಕ್ಕೆ ಎರಡು ಚಮಚ ಡಬ್ಬಿ ನೀರು ಬೆರೆಸುತ್ತ ಅರ್ಧ ಗಂಟೆ ಕಳೆದು ಒಳಗೆ ಬಿಡಿ.

ಡಬ್ಬಿ ಇಡುವ ಜಾಗ ಮಬ್ಬಾಗಿರಲಿ, ಗದ್ದಲ ಇರಬಾರದು. ಅದೇ ಕೋಣೆಯಲ್ಲಿ ಸೊಳ್ಳೆ ಬತ್ತಿ, ಸೊಳ್ಳೆಯ ಲಿಕ್ವಿಡ್ ಯಂತ್ರ, ಜಿರಳೆಯ ಸ್ಪ್ರೇ, ಹೊಸ ಪೇಂಟು ಯಾವುದೂ ಬೇಡ. ಸೊಳ್ಳೆ ಕೊಲ್ಲುವ ರಾಸಾಯನಿಕ ಮೀನಿಗೆ ತೀರ ಸ್ವಲ್ಪ ಪ್ರಮಾಣದಲ್ಲೂ ವಿಷ, ಮೇಲಾಗಿ ಬೆಟ್ಟಾ ಆ ಗಾಳಿಯನ್ನು ನೇರ ಉಸಿರಾಡುತ್ತದೆ. ದೇವರ ಕೋಣೆಯ ಊದುಬತ್ತಿಯ ಹೊಗೆಗೂ ಇದೇ ಮಾತು.

ಬದಾಮ ಗಿಡದ ಎಲೆ ಸಿಕ್ಕರೆ ಹಾಕಿ. ನಾವು ತಿನ್ನುವ ಬದಾಮಿಯ ಗಿಡವಲ್ಲ, ಶಾಲೆ ಅಂಗಳದಲ್ಲಿ ಛತ್ರಿಯಂತೆ ಹರಡಿರುತ್ತದಲ್ಲ, ಆ ಕಾಡುಬಾದಾಮಿ. ತಾನಾಗಿ ಉದುರಿ ಕಂದು ಬಣ್ಣಕ್ಕೆ ಒಣಗಿದ ಎಲೆ ಬೇಕು. ಹಸಿರೆಲೆ ಬೇಡ, ರಸ್ತೆ ಬದಿಯ ಧೂಳಿನದ್ದೂ ಬೇಡ. ತೊಳೆದು 5 ಲೀಟರಿಗೆ ಅರ್ಧ ಎಲೆ. ನೀರು ತೆಳು ಚಹಾದ ಬಣ್ಣಕ್ಕೆ ತಿರುಗುತ್ತದೆ, ಗಾಬರಿ ಬೇಡ. ಅದರ ಒಗರಿನಂಶ ಬೂಸು, ಬ್ಯಾಕ್ಟೀರಿಯಾಗಳನ್ನು ಒಂದಿಷ್ಟು ತಡೆಯುತ್ತದೆ. ರೋಗ ವಾಸಿ ಮಾಡುವ ಮದ್ದು ಎಂದು ಮಾತ್ರ ನಂಬಿ ಕೂರಬೇಡಿ.

ಈ ಡಬ್ಬಿಯಲ್ಲಿ ಫಿಲ್ಟರ್ ಇಲ್ಲ. ಹಾಗಾಗಿ ದಿನಕ್ಕೊಮ್ಮೆ ಪೂರ್ತಿ ನೀರು ಬದಲಿಸಬೇಕು. ಹೊಸ ನೀರಿಗೂ ಅದೇ ಬಿಸಿ, ಉಪ್ಪು ಹಾಕಿದ್ದರೆ ಅದೇ ಅಳತೆಯ ಉಪ್ಪು.

ಹಂತ 5: ಊಟ ನಿಲ್ಲಿಸಿ

ಎರಡು ದಿನ ಏನೂ ಹಾಕಬೇಡಿ. ದೊಡ್ಡ ಬೆಟ್ಟಾ ಒಂದು ವಾರ ಉಪವಾಸ ಇದ್ದರೂ ಬದುಕುತ್ತದೆ. ಕಾಯಿಲೆಯಲ್ಲಿ ತಿನ್ನದೆ ಬಿಟ್ಟ ಕಾಳು ಕೊಳೆತು ನೀರು ಕೆಡಿಸುತ್ತದೆ, ಅಷ್ಟೇ. ಮನೆಯಲ್ಲಿ ಅಜ್ಜಿ ಇದ್ದರೆ ಮೊದಲೇ ಹೇಳಿಡಿ. "ಪಾಪ, ಹಸದೈತಿ" ಅಂತ ನೀವು ಆಫೀಸಿಗೆ ಹೋದಾಗ ನಾಲ್ಕು ಚುರುಮರಿ ಬಿದ್ದಿರುತ್ತವೆ. ಚುರುಮರಿ, ಚಪಾತಿ ಚೂರು, ರೊಟ್ಟಿ ಚೂರು ಬೆಟ್ಟಾದ ಆಹಾರವೇ ಅಲ್ಲ. ಅದು ಹುಳ ತಿನ್ನುವ ಮೀನು.

ಹಂತ 6: ಈಗ ರೋಗ ಗುರುತಿಸಿ

ರೆಕ್ಕೆ ಕೊಳೆಯುವುದು: ಅಂಚು ಚಿಂದಿಯಾಗಿ, ಕಪ್ಪು ಅಥವಾ ಕೆಂಪು ಗೆರೆ ಮೂಡಿ ದಿನದಿನಕ್ಕೂ ಗಿಡ್ಡವಾಗುತ್ತದೆ. ರಾತ್ರಿ ಬೆಳಗಾಗುವುದರಲ್ಲಿ ಒಂದು ತುಂಡು ನೀಟಾಗಿ ಕಾಣೆಯಾಗಿದ್ದರೆ ಅದು ಕೊಳೆತದ್ದಲ್ಲ. ತಾನೇ ಕಚ್ಚಿಕೊಂಡಿದೆ, ಇಲ್ಲವೇ ಪ್ಲಾಸ್ಟಿಕ್ ಗಿಡಕ್ಕೆ ಸಿಕ್ಕು ಹರಿದಿದೆ. ಕೊಳೆತಕ್ಕೆ ಹರಳುಪ್ಪು ಸಾಕು. 5 ಲೀಟರಿಗೆ ಅಂಚಿನ ಸಮಕ್ಕೆ ಒಂದು ಟೀ ಚಮಚ, ಅಂದರೆ 5ರಿಂದ 6 ಗ್ರಾಂ. ಬೇರೆ ಲೋಟದಲ್ಲಿ ಪೂರ್ತಿ ಕರಗಿಸಿ ಸುರಿಯಿರಿ. ಹರಳು ಮೈಗೆ ತಾಗಿದರೆ ಸುಡುತ್ತದೆ. ಏಳು ದಿನ, ಹೆಚ್ಚೆಂದರೆ ಹತ್ತು ದಿನ. ಅಂಚಿನಲ್ಲಿ ಗಾಜಿನಂತೆ ತೆಳ್ಳಗಿನ ಪೊರೆ ಕಂಡಿತೋ, ಹೊಸ ರೆಕ್ಕೆ ಬರುತ್ತಿದೆ.

ಬಿಳಿ ಚುಕ್ಕೆ: ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ, ಎಣಿಸಲು ಬರುವಂಥ ಚುಕ್ಕೆಗಳು. ಇದು ಪರಾವಲಂಬಿ ಜೀವಿ. ಮೈಮೇಲೆ ಕೂತಿರುವಾಗ ಯಾವ ಔಷಧವೂ ಅದಕ್ಕೆ ತಟ್ಟುವುದಿಲ್ಲ, ಉದುರಿ ಮರಿಯಾಗಿ ನೀರಲ್ಲಿ ಈಜುವಾಗ ಮಾತ್ರ ಸಾಯುತ್ತದೆ. ಹೀಗಾಗಿ ಎರಡು ದಿನ ಮದ್ದು ಹಾಕಿ "ಹೋಗ್ಲೇ ಇಲ್ರಿ" ಅಂದರೆ ಪ್ರಯೋಜನವಿಲ್ಲ. ನಿಧಾನವಾಗಿ 29, 30 ಡಿಗ್ರಿಗೆ ಏರಿಸಿದರೆ ಅದರ ಜೀವನಚಕ್ರ ಬೇಗ ಉರುಳುತ್ತದೆ. ಗಾಳಿ ಪಂಪು ನಡೆಯುತ್ತಲೇ ಇರಲಿ. ಮೇಲಿನ ಲೆಕ್ಕದ ಉಪ್ಪು, ದಿನವೂ ಪೂರ್ತಿ ನೀರು ಬದಲು. ಕೊನೆಯ ಚುಕ್ಕೆ ಮಾಯವಾದ ಮೇಲೂ ಮೂರು ನಾಲ್ಕು ದಿನ ಮುಂದುವರಿಸಿ. ದೊಡ್ಡ ಟ್ಯಾಂಕಿನಲ್ಲೂ ಮರಿಗಳಿರುತ್ತವೆ. ಅದರಲ್ಲಿ ಯಾವ ಮೀನೂ ಇಲ್ಲದಂತೆ ಬೆಚ್ಚಗೆ ಎರಡು ವಾರ ಖಾಲಿ ಬಿಟ್ಟರೆ ಆಸರೆ ಸಿಗದೆ ಸಾಯುತ್ತವೆ.

ಬಂಗಾರದ ಧೂಳು: ಕತ್ತಲಲ್ಲಿ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಮೈಮೇಲೆ ತುಕ್ಕಿನ, ಬಂಗಾರದ ಪುಡಿ ಮೆತ್ತಿದಂತೆ ಕಾಣುತ್ತದೆ. ಬಿಳಿ ಚುಕ್ಕೆಗಿಂತ ಸಣ್ಣದು, ಅದಕ್ಕಿಂತ ಬೇಗ ಕೊಲ್ಲುವಂಥದ್ದು. ಈ ಜೀವಿಗೆ ಬೆಳಕೂ ಆಹಾರ. ಡಬ್ಬಿಗೆ ಕಪ್ಪು ಬಟ್ಟೆ ಮುಚ್ಚಿ. ತಾಮ್ರ ಇರುವ ಔಷಧ ಕೆಲಸ ಮಾಡುತ್ತದೆ. ಆದರೆ ಡಬ್ಬಿಯಲ್ಲೇ ಕೊಡಿ, ಟ್ಯಾಂಕಿಗೆ ಹಾಕಿದರೆ ಬಸವನಹುಳ, ಸಿಗಡಿ ಎಲ್ಲ ಸಾಯುತ್ತವೆ.

ಬೆನ್ನಿನ ಮೇಲೆ ಬಿಳಿ ತೇಪೆ: ಇಲ್ಲಿ ಎಚ್ಚರ. ಬೆನ್ನಿಗೆ ಜೀನು ಹೊದಿಸಿದಂತೆ ಮಾಸಲು ಬಿಳಿ ತೇಪೆ, ಬಾಯಿ ಸುತ್ತ ಹತ್ತಿಯಂಥದ್ದು. ಬೂಸು ಎಂದು ತಪ್ಪು ತಿಳಿಯುತ್ತಾರೆ, ಇದು ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ರೋಗ. ಬಿಳಿ ಚುಕ್ಕೆಯೆಂದು ಭಾವಿಸಿ ಬಿಸಿ ಏರಿಸಿದಿರೋ, ರೋಗಕ್ಕೆ ರೆಕ್ಕೆ ಬಂದಂತೆ. ಜೋರಾದದ್ದು ಒಂದೆರಡು ದಿನದಲ್ಲೇ ಮೀನನ್ನು ಮುಗಿಸುತ್ತದೆ. ಬಿಸಿಯನ್ನು 24 ಡಿಗ್ರಿಯತ್ತ ಮೆಲ್ಲಗೆ ಇಳಿಸಿ, ಗಾಳಿ ಹೆಚ್ಚಿಸಿ, ಉಪ್ಪು ಹಾಕಿ, ಕೂಡಲೇ ಪಶುವೈದ್ಯರನ್ನು ಕೇಳಿ. ಚುಕ್ಕೆಯೋ ತೇಪೆಯೋ ಖಚಿತವಾಗುವ ತನಕ ಹೀಟರಿನ ಗುಂಡಿ ಮುಟ್ಟಬೇಡಿ.

ಹೊಟ್ಟೆ ಉಬ್ಬರ, ಓಲಾಡುವುದು: ಒಂದು ಪಕ್ಕಕ್ಕೆ ವಾಲುತ್ತದೆ, ಕಾರ್ಕಿನಂತೆ ಮೇಲೆ ತೇಲುತ್ತದೆ, ಹೇಲು ಬಂದಿರುವುದಿಲ್ಲ. ಹೆಚ್ಚಿನ ಪಾಲು ತಿಂದದ್ದು ಜಾಸ್ತಿಯಾಗಿರುತ್ತದೆ. ಬೆಟ್ಟಾದ ಜಠರ ತೀರ ಸಣ್ಣದು. ಮೂರು ದಿನ ಉಪವಾಸ. 5 ಲೀಟರಿಗೆ ಅರ್ಧ ಟೀ ಚಮಚ ಎಪ್ಸಮ್ ಸಾಲ್ಟ್. ಬೇಯಿಸಿದ ಬಟಾಣಿ ತಿನ್ನಿಸಿ ಎಂದು ಎಲ್ಲರೂ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಹುಳ ತಿನ್ನುವ ಮೀನಿನ ಹೊಟ್ಟೆಗೆ ಬಟಾಣಿ ಅರಗಿಸುವ ಕೆಲಸ ಯಾಕೆ? ಉಪವಾಸದ ನಂತರ ಡ್ಯಾಫ್ನಿಯಾ ಎಂಬ ನೀರಿನ ಹುಳ ಕೊಡಿ, ಅದರ ಚಿಪ್ಪೇ ಹೊಟ್ಟೆ ಸಡಿಲಿಸುತ್ತದೆ.

ಹುರುಪೆ ಎದ್ದು ನಿಲ್ಲುವುದು: ಮೇಲಿನಿಂದ ನೋಡಿದರೆ ಸೀತಾಫಲದ ಸಿಪ್ಪೆಯಂತೆ ಹುರುಪೆಗಳು ಬಿಚ್ಚಿ ನಿಂತಿರುತ್ತವೆ. ಮೂತ್ರಪಿಂಡ ಸೋತು ಮೈಯಲ್ಲಿ ನೀರು ತುಂಬಿದೆ. ಇಲ್ಲಿ ಹರಳುಪ್ಪು ಬೇಡ, ಎಪ್ಸಮ್ ಸಾಲ್ಟ್ ಮಾತ್ರ: ಅರ್ಧ ಚಮಚದಿಂದ ಶುರು ಮಾಡಿ, ಎರಡು ದಿನದಲ್ಲಿ 5 ಲೀಟರಿಗೆ ಒಂದು ಚಮಚದವರೆಗೆ. ಹುರುಪೆ ಏಳುವ ಮೊದಲೇ ಹಿಡಿದರೆ ಉಳಿಯುವ ಸಾಧ್ಯತೆ ಇದೆ. ಎದ್ದ ಮೇಲೆ ಉಳಿದದ್ದು ಅಪರೂಪ. ಕಣ್ಣು ಹೊರಬಂದಿದ್ದರೂ ಎಪ್ಸಮ್ ಸಾಲ್ಟೇ. ಒಂದು ಕಣ್ಣಾದರೆ ಪೆಟ್ಟು ಬಿದ್ದಿರಬಹುದು, ಎರಡೂ ಆದರೆ ಒಳಗಿನ ರೋಗ ಅಥವಾ ಕೆಟ್ಟ ನೀರು.

ಹಂತ 7: ಔಷಧ

ಒಂದು ಸಲಕ್ಕೆ ಒಂದೇ ಔಷಧ. ಉಪ್ಪು ಐದು ದಿನದಲ್ಲಿ ಕೆಲಸ ಮಾಡದಿದ್ದರೆ ಪೂರ್ತಿ ನೀರು ಬದಲಿಸಿ, ಆಮೇಲೆ ಮೆಥಿಲೀನ್ ಬ್ಲೂ. ಹತ್ತಿಯಂಥ ಬೂಸಿಗೆ, ಅಮೋನಿಯಾದಿಂದ ಬೆಂದ ಕಿವಿರಿಗೆ ಅದು ಒಳ್ಳೆಯದು. ಬಾಟಲಿಯ ಮೇಲಿನ ಲೆಕ್ಕವನ್ನು ನಿಮ್ಮ ಗೆರೆಯ ಲೀಟರಿಗೆ ಇಳಿಸಿ, ಡ್ರಾಪರಿನಲ್ಲಿ ಎಣಿಸಿ ಹಾಕಿ. "ನೀಲಿ ಆಗೂ ಮಟ" ಹಾಕುವುದು ಅಳತೆಯಲ್ಲ. ದೊಡ್ಡ ಟ್ಯಾಂಕಿಗೆ ಇದನ್ನು ಹಾಕಬೇಡಿ. ಫಿಲ್ಟರಿನ ಬ್ಯಾಕ್ಟೀರಿಯಾ ಸಾಯುತ್ತವೆ, ಸಿಲಿಕಾನಿನ ಅಂಚು ಕೊನೆಯವರೆಗೂ ನೀಲಿಯಾಗಿಯೇ ಉಳಿಯುತ್ತದೆ.

ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಕ್ಯಾಪ್ಸೂಲ್ ಬಿಚ್ಚಿ ಸುರಿಯುವ ಚಾಳಿ ಬಿಡಿ. ಯಾವ ಬ್ಯಾಕ್ಟೀರಿಯಾ, ಎಷ್ಟು ಪ್ರಮಾಣ ತಿಳಿಯದೆ ಹಾಕಿದ್ದು ಮೀನನ್ನು ಉಳಿಸುವುದಿಲ್ಲ, ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾವನ್ನು ಮಾತ್ರ ಬೆಳೆಸುತ್ತದೆ. ಅರಿಶಿಣ, ಬೆಳ್ಳುಳ್ಳಿ ರಸ, ಬೇವಿನ ಎಣ್ಣೆಯೂ ಬೇಡ. ಎಣ್ಣೆ ನೀರ ಮೇಲೆ ಪದರ ಕಟ್ಟಿದರೆ ಬೆಟ್ಟಾ ಗಾಳಿ ಎಳೆಯಲು ಒದ್ದಾಡುತ್ತದೆ.

ಹಂತ 8: ಕೈ ಮೀರುತ್ತಿದೆ ಎನ್ನುವ ಸೂಚನೆ

ತೇಪೆ 12 ಗಂಟೆಯೊಳಗೆ ಹರಡಿದರೆ, ರೆಕ್ಕೆಯ ಕೊಳೆತ ಮೈ ಮುಟ್ಟಿದರೆ, ಹುರುಪೆ ಎದ್ದರೆ, ಉಪ್ಪು ಹಾಕಿದೊಡನೆ ಮೀನು ಉರುಳಾಡಿದರೆ ಪಶುವೈದ್ಯರನ್ನು ಕೇಳಲು ತಡ ಮಾಡಬೇಡಿ. ಉರುಳಾಡಿದರೆ ಮೊದಲು ಉಪ್ಪಿಲ್ಲದ ನೀರಿಗೆ ಮೆಲ್ಲಗೆ ಬದಲಿಸಿ.

ನಮ್ಮ ಜಿಲ್ಲೆಯ ಪಶು ಆಸ್ಪತ್ರೆಯ ಡಾಕ್ಟರು ದಿನವಿಡೀ ಎಮ್ಮೆ, ಆಕಳು ನೋಡುವವರು. ಅಂಗೈಯಗಲದ ಡಬ್ಬಿ ಹಿಡಿದು ಹೋದರೆ ಸರದಿಯಲ್ಲಿ ನಿಂತವರು ನಗಬಹುದು, ನಗಲಿ ಬಿಡಿ. ಎರಡು ಫೋಟೊ, ನೀರಿನ ಅಂಕಿ, ಹಾಕಿದ ಔಷಧದ ಪಟ್ಟಿ ಇದ್ದರೆ ಆ್ಯಂಟಿಬಯಾಟಿಕ್ ಬೇಕೋ ಬೇಡವೋ ಎಂದು ಹೇಳಲು ಅವರಿಗೆ ಅನುಕೂಲ. ವಿಜಯಪುರದವರಿಗೆ ಭೂತನಾಳದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರವೂ ಇದೆ.

ಉಳಿಯದ ಮೀನನ್ನು, ಉಳಿದು ಬೇಡವಾದ ಮೀನನ್ನೂ, ಕೆರೆಗೆ ಚರಂಡಿಗೆ ಬಿಡಬೇಡಿ. ರೋಗ ಅಲ್ಲಿಯ ಮೀನಿಗೆ ಹತ್ತುತ್ತದೆ. ಸತ್ತದ್ದನ್ನು ಕುಂಡದ ಮಣ್ಣಲ್ಲಿ ಆಳವಾಗಿ ಹೂಳಿ.

ಹಂತ 9: ಮರಳಿ ಟ್ಯಾಂಕಿಗೆ

ಕಾಳು ಹಾಕಿದ ಕೂಡಲೇ ಮೇಲೆ ಬಂದು ತಿನ್ನುವುದು, ರೆಕ್ಕೆ ಬಿಚ್ಚಿ ಈಜುವುದು, ಹೇಲು ಸರಿಯಾಗಿರುವುದು ಮೂರೂ ಸತತ ನಾಲ್ಕು ದಿನ ಕಾಣಲಿ. ಮೊದಲ ಊಟಕ್ಕೆ ಒಂದೇ ಕಾಳು, ಮರುದಿನ ಎರಡು. ಗುಣವಾದ ಮೇಲೂ ಹೊತ್ತಿಗೆ ಮೂರು, ನಾಲ್ಕು ಕಾಳು ದಾಟಬೇಡಿ, ವಾರಕ್ಕೊಂದು ದಿನ ಉಪವಾಸವಿರಲಿ. ಡಬ್ಬಿಯ ಉಪ್ಪನ್ನು ಮೂರು ದಿನದಲ್ಲಿ ಹಂತಹಂತವಾಗಿ ಕಡಿಮೆ ಮಾಡಿ, ಆಮೇಲೆ ಟ್ಯಾಂಕಿಗೆ ಬಿಡಿ. ಬಿಡುವ ದಿನ ಟ್ಯಾಂಕಿನ ಅಮೋನಿಯಾ ಮತ್ತೊಮ್ಮೆ ನೋಡಿ. ಇಷ್ಟು ದಿನ ಮೀನಿಲ್ಲದೆ ಫಿಲ್ಟರಿನ ಬ್ಯಾಕ್ಟೀರಿಯಾ ಹಸಿದು ಕಡಿಮೆಯಾಗಿರುತ್ತವೆ, ಮೊದಲ ವಾರ ದಿನ ಬಿಟ್ಟು ದಿನ ಪರೀಕ್ಷೆ ಬೇಕು.

ಡಬ್ಬಿ, ಕಪ್ಪು, ಪೈಪನ್ನು ಬರೀ ನೀರಲ್ಲಿ ತೊಳೆದು ಬಿಸಿಲಲ್ಲಿ ಎರಡು ದಿನ ಒಣಗಿಸಿ. ಒಣಗಿದ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ "ಮೀನಿನದು" ಎಂದು ಬರೆದು ಅಡುಗೆ ಮನೆಯಿಂದ ದೂರ ಇಡಿ. ಇಲ್ಲದಿದ್ದರೆ ಮುಂದಿನ ಸಲ ಬೇಕಾದಾಗ ಅದರ ತುಂಬ ಶೇಂಗಾ ಹಿಂಡಿ ಇರುತ್ತದೆ, ಆ ಎಣ್ಣೆ ಜಿಡ್ಡನ್ನು ಸೋಪಿಲ್ಲದೆ ತೆಗೆಯಲು ಬರುವುದಿಲ್ಲ.